ಸೀಟಿ ಊದುವ ಮುನ್ನವೇ ಅಭಿಮಾನಿಗಳ ಪಂದ್ಯ: ಬಿಎಫ್‌ಸಿ ಭವಿಷ್ಯದ ಲೆಕ್ಕ ಹಾಕುವುದು ಹೇಗೆ?

ಬೆಂಗಳೂರು: ಫುಟ್‌ಬಾಲ್‌ನಲ್ಲಿ ರೆಫರಿಯ ಮೊದಲ ಸೀಟಿ ಕೇಳುವ ಮುನ್ನವೇ ಒಂದು ಪಂದ್ಯ ನಡೆದುಹೋಗಿರುತ್ತದೆ. ಅದು ಅಭಿಮಾನಿಗಳ ನಡುವಿನ ವಾದದ ಪಂದ್ಯ. ಹೊಸ ಋತು ಸಮೀಪಿಸುತ್ತಿದ್ದಂತೆ ಕಂಠೀರವ ಕ್ರೀಡಾಂಗಣದ ಆಸುಪಾಸಿನ ಚಹಾದ ಅಂಗಡಿಗಳಿಂದ ಹಿಡಿದು ಕಚೇರಿಗಳ ಊಟದ ಮೇಜಿನವರೆಗೆ ಬೆಂಗಳೂರು ಎಫ್‌ಸಿ ಅಭಿಮಾನಿಗಳು ಕೇಳುವ ಪ್ರಶ್ನೆ ಒಂದೇ: ಈ ಬಾರಿ ನಮ್ಮ ತಂಡದ ಗತಿ ಏನು?

ಉತ್ತರಗಳು ಮಾತ್ರ ಒಂದಲ್ಲ. ಒಂದು ಬಣ ಪ್ರಶಸ್ತಿ ಖಚಿತ ಎನ್ನುತ್ತದೆ. ಇನ್ನೊಂದು ಬಣ ಮೊದಲ ಆರರೊಳಗೆ ಬಂದರೆ ದೊಡ್ಡದು ಎನ್ನುತ್ತದೆ. ಮೂರನೆಯ ಬಣದವರು ಯಾರು ಬಂದರು, ಯಾರು ಹೋದರು, ಯಾರಿಗೆ ಎಷ್ಟು ವಯಸ್ಸಾಯಿತು ಎಂದು ಬೆರಳು ಮಡಚಿ ಎಣಿಸುತ್ತಾರೆ. ಈ ವಾದಗಳಲ್ಲಿ ಎಷ್ಟು ಹುರುಳಿದೆ? ಯಾವ ಲೆಕ್ಕ ಫಲ ನೀಡುತ್ತದೆ, ಯಾವುದು ಕೈಕೊಡುತ್ತದೆ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. 2013ರಲ್ಲಿ ಹುಟ್ಟಿದ ಈ ತಂಡದ ಚರಿತ್ರೆಯೇ ಸಾಕು.

ಭವಿಷ್ಯವಾಣಿ ಸುಳ್ಳಾದ ಕಥೆ

ಬೆಂಗಳೂರು ಎಫ್‌ಸಿ ಆರಂಭವಾದದ್ದೇ ಎಲ್ಲ ಲೆಕ್ಕಾಚಾರಗಳನ್ನು ತಲೆಕೆಳಗು ಮಾಡಿ. 2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯು ಸಮೂಹ ಸ್ಥಾಪಿಸಿದ ಈ ತಂಡ, ಆಶ್ಲಿ ವೆಸ್ಟ್‌ವುಡ್ ಅವರ ತರಬೇತಿಯಲ್ಲಿ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ತವರಿನ ಪಂದ್ಯಗಳನ್ನಾಡುತ್ತಾ, ತನ್ನ ಚೊಚ್ಚಲ ಋತುವಾದ 2013-14ರಲ್ಲಿಯೇ ಐ-ಲೀಗ್ ಚಾಂಪಿಯನ್ ಆಯಿತು. ದಶಕಗಳ ಇತಿಹಾಸವಿದ್ದ ಕೋಲ್ಕತ್ತ ಮತ್ತು ಗೋವಾದ ಕ್ಲಬ್‌ಗಳ ನಡುವೆ ಒಂದು ವರ್ಷವೂ ತುಂಬದ ತಂಡವೊಂದು ಗೆಲ್ಲುವುದೆಂದು ನಂಬಿದ್ದವರು ವಿರಳ.

ಮರುವರ್ಷ ಅಭಿಮಾನಿಗಳ ವಿಶ್ವಾಸ ಮುಗಿಲು ಮುಟ್ಟಿತ್ತು. 2015ರ ಮೇ 31ರಂದು ಕಂಠೀರವದಲ್ಲಿ ಕೊನೆಯ ಪಂದ್ಯ. ಎದುರಾಳಿ ಮೋಹನ್ ಬಾಗನ್. ಬೆಂಗಳೂರಿಗೆ ಗೆಲುವು ಅನಿವಾರ್ಯ, ಬಾಗನ್‌ಗೆ ಡ್ರಾ ಸಾಕು. ಜಾನ್ ಜಾನ್ಸನ್ ಗಳಿಸಿದ ಗೋಲಿನಿಂದ ಮುಂದಿದ್ದ ಬೆಂಗಳೂರಿನ ಕೈಯಿಂದ, ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಬೆಲ್ಲೊ ರಜಾಕ್ ಪ್ರಶಸ್ತಿಯನ್ನು ಕಸಿದುಕೊಂಡರು. ಇಡೀ ಋತುವಿನ ದುಡಿಮೆ ಒಂದು ಹೆಡರ್‌ಗೆ ಮುಗಿದುಹೋಯಿತು. 2015-16ರಲ್ಲಿ ಅದೇ ತಂಡ ಮತ್ತೆ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು.

ಫುಟ್‌ಬಾಲ್‌ನಲ್ಲಿ ಗೋಲುಗಳು ಕಡಿಮೆ. ಕ್ರಿಕೆಟ್‌ನಲ್ಲಿ ಒಂದು ಕ್ಯಾಚ್ ಕೈಬಿಟ್ಟರೂ ಮುಂದಿನ ಓವರ್‌ಗಳಲ್ಲಿ ತಿದ್ದಿಕೊಳ್ಳಲು ಅವಕಾಶವಿರುತ್ತದೆ. ಇಲ್ಲಿ ಒಂದು ತಪ್ಪು, ಒಂದು ಪೆನಾಲ್ಟಿ, ಒಂದು ಕಾರ್ನರ್ ಕಿಕ್ ಇಡೀ ವರ್ಷವನ್ನೇ ನುಂಗಬಲ್ಲದು. ಋತುಪೂರ್ವ ಭವಿಷ್ಯವಾಣಿಗಳು ಎಡವುವುದಕ್ಕೆ ಇದೇ ಮೊದಲ ಕಾರಣ.

ಹೆಸರಿನ ಮೋಹ

ಋತುವಿಗೆ ಮುನ್ನ ಅತಿ ಹೆಚ್ಚು ಚರ್ಚೆಯಾಗುವುದು ಹೊಸ ಆಟಗಾರರ ಬಗ್ಗೆ. ದೊಡ್ಡ ಹೆಸರು ಬಂದರೆ ಸಂಭ್ರಮ, ಬರದಿದ್ದರೆ ಆಡಳಿತ ಮಂಡಳಿಯ ಮೇಲೆ ಕಿಡಿ.

2022ರಲ್ಲಿ ಬೆಂಗಳೂರು ಎಫ್‌ಸಿ ಅಭಿಮಾನಿಗಳಿಗೆ ಹಬ್ಬವೋ ಹಬ್ಬ. ರಾಯ್ ಕೃಷ್ಣ, ಹಾವಿ ಹೆರ್ನಾಂಡೆಜ್, ಸಂದೇಶ್ ಜಿಂಗಾನ್, ಪ್ರಬೀರ್ ದಾಸ್ ಒಬ್ಬರ ಹಿಂದೊಬ್ಬರಂತೆ ತಂಡಕ್ಕೆ ಬಂದರು. ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ಮುಂಬೈ ಸಿಟಿಯನ್ನು 2-1ರಿಂದ ಮಣಿಸಿ ಡ್ಯುರಾಂಡ್ ಕಪ್ ಗೆದ್ದಾಗ ವಾದ ಮುಗಿದೇ ಹೋಯಿತು ಎಂದುಕೊಂಡವರು ಅನೇಕರು. ಆದರೆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಆರಂಭವಾದಾಗ ಆದದ್ದೇ ಬೇರೆ. ಮೊದಲ 12 ಪಂದ್ಯಗಳಲ್ಲಿ ತಂಡಕ್ಕೆ ದಕ್ಕಿದ್ದು ಕೇವಲ 10 ಅಂಕ. ಅಭಿಮಾನಿಗಳು ಆಶೆ ಬಿಟ್ಟ ಹೊತ್ತಿನಲ್ಲಿ ತಂಡ ಲೀಗ್‌ನ ಉಳಿದ ಎಂಟೂ ಪಂದ್ಯಗಳನ್ನು ಗೆದ್ದು, ನಾಲ್ಕನೆಯ ಸ್ಥಾನಕ್ಕೇರಿ, 2023ರ ಮಾರ್ಚ್‌ನಲ್ಲಿ ಫೈನಲ್ ತಲುಪಿತು. ಗೋವಾದ ಫತೋರ್ಡದಲ್ಲಿ ನಡೆದ ಆ ಫೈನಲ್ 2-2ರಲ್ಲಿ ನಿಂತು, ಪೆನಾಲ್ಟಿ ಶೂಟೌಟ್‌ನಲ್ಲಿ ಎಟಿಕೆ ಮೋಹನ್ ಬಾಗನ್ ಪಾಲಾಯಿತು. ಆ ಗೆಲುವಿನ ಓಟದಲ್ಲಿ ಹೆಸರಾಂತರ ಜೊತೆಗೆ ಬೆಳಗಿದವರು ಯುವ ಸ್ಟ್ರೈಕರ್ ಶಿವಶಕ್ತಿ ನಾರಾಯಣನ್. ಋತುಪೂರ್ವ ವಾದಗಳಲ್ಲಿ ಅವರ ಹೆಸರು ಮೇಲೆ ಕೇಳಿಬಂದಿರಲಿಲ್ಲ.

ಹಾಗಾದರೆ ಹೆಸರುಗಳಿಗೆ ಬೆಲೆಯೇ ಇಲ್ಲವೇ? ಇದೆ. ಆದರೆ ಅವು ಪರಸ್ಪರ ಹೊಂದಿಕೊಂಡರೆ ಮಾತ್ರ. 2024ರಲ್ಲಿ ತಂಡ ಸೇರಿದ ಆಲ್ಬರ್ಟೊ ನೊಗೆರಾ, ಹೊರ್ಹೆ ಪೆರೇರಾ ಡಿಯಾಜ್ ಹಾಗೂ ತವರಿಗೆ ಮರಳಿದ ರಾಹುಲ್ ಭೆಕೆ ಮೂವರೂ ಅದೇ ವರ್ಷ ಐಎಸ್‌ಎಲ್ ಕಪ್ ಗೆದ್ದ ಮುಂಬೈ ಸಿಟಿಯಲ್ಲಿ ಜೊತೆಯಾಗಿ ಆಡಿದ್ದವರು. ಒಬ್ಬರ ಆಟ ಇನ್ನೊಬ್ಬರಿಗೆ ಗೊತ್ತಿತ್ತು. ಹೀಗಾಗಿ ಹೊಂದಾಣಿಕೆಗೆ ಅರ್ಧ ಋತು ವ್ಯಯವಾಗಲಿಲ್ಲ.

ವಿದೇಶಿ ಆಟಗಾರರ ಬಗೆಗಿನ ವಾದದಲ್ಲಿ ಮರೆತುಹೋಗುವ ಇನ್ನೊಂದು ಸಂಗತಿಯಿದೆ. 2021-22ರ ಋತುವಿನಲ್ಲಿ ಐಎಸ್‌ಎಲ್ ನಿಯಮ ಬದಲಾಗಿ, ಮೈದಾನದಲ್ಲಿರುವ ಹನ್ನೊಂದು ಮಂದಿಯಲ್ಲಿ ವಿದೇಶಿಯರು ನಾಲ್ವರಿಗಿಂತ ಹೆಚ್ಚು ಇರುವಂತಿಲ್ಲ ಎಂದಾಯಿತು. ಅಂದರೆ ಏಳು ಮಂದಿ ಭಾರತೀಯರು. ತಂಡದ ಬಲವನ್ನು ಅಳೆಯುವವರು ನಾಲ್ವರ ಬಗ್ಗೆ ನಾಲ್ಕು ಗಂಟೆ ವಾದಿಸಿ, ಏಳು ಮಂದಿಯ ಬಗ್ಗೆ ಒಂದು ಮಾತನ್ನೂ ಆಡದಿದ್ದರೆ ಲೆಕ್ಕ ತಪ್ಪುವುದು ಸಹಜ. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಬೆಂಗಳೂರಿಗೆ ಮೊದಲ ಐಎಸ್‌ಎಲ್ ಪ್ರಶಸ್ತಿ ತಂದ ಹೆಚ್ಚುವರಿ ಸಮಯದ ಗೋಲನ್ನು ಎಫ್‌ಸಿ ಗೋವಾ ವಿರುದ್ಧ ಗಳಿಸಿದ್ದು ವಿದೇಶಿ ಸ್ಟ್ರೈಕರ್ ಅಲ್ಲ. ಭಾರತೀಯ ಡಿಫೆಂಡರ್ ಭೆಕೆ.

ಹಿಂದಿನ ಪಟ್ಟಿ ಎಷ್ಟು ನಂಬಿಕಸ್ಥ?

ವಾದದ ಎರಡನೆಯ ಅಸ್ತ್ರ ಕಳೆದ ಋತುವಿನ ಅಂಕಪಟ್ಟಿ. ಮೇಲಿದ್ದವರು ಮೇಲೆ, ಕೆಳಗಿದ್ದವರು ಕೆಳಗೆ ಎಂಬ ಸರಳ ನಂಬಿಕೆ.

ಬೆಂಗಳೂರಿನ ದಾಖಲೆ ಈ ನಂಬಿಕೆಯನ್ನು ಬೆಂಬಲಿಸುವುದಿಲ್ಲ. ಐಎಸ್‌ಎಲ್‌ಗೆ ಕಾಲಿಟ್ಟ 2017-18ರಲ್ಲಿ 18 ಪಂದ್ಯಗಳಿಂದ 40 ಅಂಕ ಗಳಿಸಿ, ಎರಡನೆಯ ಸ್ಥಾನದ ಚೆನ್ನೈಯಿನ್‌ಗಿಂತ ಎಂಟು ಅಂಕ ಮುಂದಿದ್ದ ತಂಡ, ಕಂಠೀರವದಲ್ಲೇ ನಡೆದ ಫೈನಲ್‌ನಲ್ಲಿ ಅದೇ ಚೆನ್ನೈಯಿನ್‌ಗೆ 2-3ರಿಂದ ಶರಣಾಯಿತು. ಮರುವರ್ಷ ಚಾಂಪಿಯನ್. ಅದರ ಮರುವರ್ಷ ಸೆಮಿಫೈನಲ್. 2020-21ರಲ್ಲಿ ಏಳನೆಯ ಸ್ಥಾನ, 2021-22ರಲ್ಲಿ ಆರನೆಯ ಸ್ಥಾನ. 2022-23ರಲ್ಲಿ ರನ್ನರ್ಸ್ ಅಪ್. 2023-24ರಲ್ಲಿ 12 ತಂಡಗಳ ಪೈಕಿ ಹತ್ತನೆಯದು. 22 ಪಂದ್ಯಗಳಿಂದ 22 ಅಂಕ. 2024-25ರಲ್ಲಿ ಮತ್ತೆ ಜಿಗಿತ: 24 ಪಂದ್ಯಗಳಿಂದ 38 ಅಂಕ, ಮೂರನೆಯ ಸ್ಥಾನ, ಮತ್ತೆ ಫೈನಲ್.

ಫೈನಲ್ ತಲುಪಿದ ಮರುವರ್ಷವೇ ಹತ್ತನೆಯ ಸ್ಥಾನ, ಹತ್ತನೆಯ ಸ್ಥಾನದ ಮರುವರ್ಷವೇ ಫೈನಲ್. ಹಿಂದಿನ ಪಟ್ಟಿಯನ್ನು ನೆಚ್ಚಿ ಪಣ ಕಟ್ಟಿದವರು ಎರಡು ಬಾರಿಯೂ ಸೋತಿದ್ದರು.

ಇಂಥ ಏರಿಳಿತಕ್ಕೆ ಕಾರಣಗಳಿಲ್ಲದಿಲ್ಲ. 2017-18ರಲ್ಲಿ ವೆನೆಜುವೆಲಾದ ಮಿಕು 15 ಹಾಗೂ ಸುನಿಲ್ ಚೆಟ್ರಿ 14 ಗೋಲು ಗಳಿಸಿದ್ದರು. 2019ರಲ್ಲಿ ಮಿಕು ತೆರಳಿದ ನಂತರ ಅಷ್ಟು ಗೋಲುಗಳನ್ನು ತರಬಲ್ಲ ಜೊತೆಗಾರನನ್ನು ಹುಡುಕುವುದೇ ತಂಡಕ್ಕೆ ದೊಡ್ಡ ಸವಾಲಾಯಿತು. 2023ರ ಬೇಸಿಗೆಯಲ್ಲಿ ರಾಯ್ ಕೃಷ್ಣ ಒಡಿಶಾಕ್ಕೂ ಜಿಂಗಾನ್ ಗೋವಾಕ್ಕೂ ಹೋದರು. ದಾಳಿಯಲ್ಲೂ ರಕ್ಷಣೆಯಲ್ಲೂ ಏಕಕಾಲಕ್ಕೆ ತೆರವು ಬಿತ್ತು. ಬಂದವರ ಪಟ್ಟಿಗಿಂತ ಹೋದವರ ಪಟ್ಟಿಯೇ ಹಲವು ಬಾರಿ ಹೆಚ್ಚು ಸತ್ಯ ನುಡಿಯುತ್ತದೆ ಎಂಬುದಕ್ಕೆ ಇದು ನಿದರ್ಶನ.

ತರಬೇತುದಾರರ ವಿಚಾರವೂ ಅಷ್ಟೆ. 2023ರ ಡಿಸೆಂಬರ್‌ನಲ್ಲಿ ಸೈಮನ್ ಗ್ರೇಸನ್ ನಿರ್ಗಮಿಸಿ ಜೆರಾರ್ಡ್ ಸರಗೋಸಾ ಬಂದರು. ಬಂದ ಕೂಡಲೇ ಪವಾಡವೇನೂ ಆಗಲಿಲ್ಲ. ಆ ಋತು ಹತ್ತನೆಯ ಸ್ಥಾನದಲ್ಲೇ ಮುಗಿಯಿತು. ಆದರೆ ತಮಗೆ ಬೇಕಾದ ಆಟಗಾರರನ್ನು ಆರಿಸಿಕೊಂಡು, ಪೂರ್ಣ ಪೂರ್ವಸಿದ್ಧತೆಯ ಅವಧಿ ಸಿಕ್ಕ ಮರುವರ್ಷ ಅದೇ ತರಬೇತುದಾರರ ಕೈಯಲ್ಲಿ ತಂಡ ಫೈನಲ್ ತಲುಪಿತು. ನಡುಋತುವಿನಲ್ಲಿ ಬಂದ ತರಬೇತುದಾರರನ್ನು ಆ ಋತುವಿನ ಫಲಿತಾಂಶದಿಂದಲೇ ಅಳೆಯುವುದು ಸರಿಯಲ್ಲ ಎಂಬ ಕೆಲವು ಅಭಿಮಾನಿಗಳ ವಾದಕ್ಕೆ ಇಲ್ಲಿ ಪುಷ್ಟಿ ದೊರೆಯುತ್ತದೆ.

ಚೆಟ್ರಿ ಎಂಬ ಪ್ರಶ್ನೆ

ಬೆಂಗಳೂರಿನ ಅಭಿಮಾನಿಗಳ ಚರ್ಚೆ ಎಲ್ಲಿಂದ ಆರಂಭವಾದರೂ ಕೊನೆಗೆ ಬಂದು ನಿಲ್ಲುತ್ತಿದ್ದುದು ಒಬ್ಬ ವ್ಯಕ್ತಿಯ ಬಳಿ. ತಂಡದ ಮೊದಲ ದಿನದಿಂದ ಅದರ ಮುಖವಾಗಿದ್ದವರು ಸುನಿಲ್ ಚೆಟ್ರಿ. 1984ರ ಆಗಸ್ಟ್ 3ರಂದು ಜನಿಸಿದ ಅವರಿಗೆ 2024ರಲ್ಲಿ 40 ತುಂಬಿತು. ಅದೇ ವರ್ಷದ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿದ್ದರು. ಇನ್ನು ಕ್ಲಬ್‌ನಲ್ಲೂ ಅವರ ದಿನಗಳು ಮುಗಿದವು, ಬೆಂಚಿನಲ್ಲಿ ಕೂತು ಕಿರಿಯರಿಗೆ ದಾರಿ ಬಿಡುವುದೇ ಲೇಸು ಎಂದು ಆ ಋತುವಿಗೆ ಮುನ್ನ ಬಹಳ ಮಂದಿ ವಾದಿಸಿದ್ದುಂಟು.

ಆದದ್ದು ಬೇರೆಯೇ. 2024-25ರ ಐಎಸ್‌ಎಲ್‌ನಲ್ಲಿ ಚೆಟ್ರಿ 14 ಗೋಲು ಗಳಿಸಿದರು. ಭಾರತೀಯ ಆಟಗಾರರ ಪೈಕಿ ಅದೇ ಅತ್ಯಧಿಕ. ಡಿಸೆಂಬರ್ 7ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧದ 4-2ರ ಗೆಲುವಿನಲ್ಲಿ ಹ್ಯಾಟ್ರಿಕ್ ಸಾಧಿಸಿದರು. ಎಫ್‌ಸಿ ಗೋವಾ ವಿರುದ್ಧದ ಸೆಮಿಫೈನಲ್‌ನಲ್ಲಿ ಕೊನೆಯ ಕ್ಷಣದ ಹೆಡರ್‌ನಿಂದ ತಂಡವನ್ನು ಫೈನಲ್‌ಗೆ ಕೊಂಡೊಯ್ದರು. 2025ರ ಮಾರ್ಚ್‌ನಲ್ಲಿ ರಾಷ್ಟ್ರೀಯ ತಂಡಕ್ಕೂ ಮರಳಿದರು.

ಅಭಿಮಾನಿಗಳು ಬೀಗಿದರು. ಆದರೆ ಅನುಮಾನಿಗಳ ವಾದ ಸುಳ್ಳಾಯಿತೇ? ಪೂರ್ತಿಯಾಗಿ ಅಲ್ಲ. ನಲವತ್ತು ದಾಟಿದ ಆಟಗಾರ ತಂಡದ ಪ್ರಮುಖ ಗೋಲುಗಾರನಾಗುವುದು ಆ ಆಟಗಾರನ ಹಿರಿಮೆ. ಅದೇ ಹೊತ್ತಿಗೆ ತಂಡಕ್ಕೆ ಎಚ್ಚರಿಕೆಯ ಗಂಟೆ. ಅವರ ಗೋಲುಗಳನ್ನು ನಾಳೆ ಯಾರು ತರುವರು ಎಂಬ ಪ್ರಶ್ನೆಗೆ ಒಂದು ಅದ್ಭುತ ಋತು ಉತ್ತರವಾಗದು. ಅದು ಪ್ರಶ್ನೆಯನ್ನು ಮುಂದೂಡುತ್ತದೆ ಅಷ್ಟೆ. ಹೀಗಾಗಿ ಎರಡೂ ಬಣಗಳು ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಇದ್ದವು.

ಪಂದ್ಯಗಳ ಸಂಖ್ಯೆಯ ಗಣಿತ

ವಾದದಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳದ, ಆದರೆ ಫಲಿತಾಂಶವನ್ನು ನಿರ್ಧರಿಸುವ ಮತ್ತೊಂದು ಅಂಶವಿದೆ. ಅದು ಋತುವಿನ ಉದ್ದ. ಪಂದ್ಯಗಳು ಹೆಚ್ಚಾದಷ್ಟೂ ಅದೃಷ್ಟದ ಪಾಲು ಕಡಿಮೆಯಾಗಿ ಸಾಮರ್ಥ್ಯದ ಪಾಲು ಹೆಚ್ಚುತ್ತದೆ. ಪಂದ್ಯಗಳು ಕಡಿಮೆಯಾದಷ್ಟೂ ಆರಂಭದ ಒಂದೆರಡು ಸೋಲುಗಳ ಭಾರ ಹೆಚ್ಚುತ್ತದೆ.

2022-23ರ ಉದಾಹರಣೆಯನ್ನೇ ಮತ್ತೊಮ್ಮೆ ನೋಡಬಹುದು. 12 ಪಂದ್ಯಗಳಲ್ಲಿ 10 ಅಂಕ ಗಳಿಸಿದ್ದ ತಂಡ ಚೇತರಿಸಿಕೊಂಡು ಫೈನಲ್ ತಲುಪಿದ್ದು, ಅದಕ್ಕೆ ಇನ್ನೂ ಎಂಟು ಪಂದ್ಯಗಳು ಉಳಿದಿದ್ದರಿಂದ. ಆ ಎಂಟರಿಂದ 24 ಅಂಕ ಬಂದವು. ಈಗ 2026ರ ಫೆಬ್ರುವರಿ 14ರಿಂದ ಆರಂಭವಾದ ಮೊಟಕುಗೊಂಡ ಋತುವನ್ನು ಗಮನಿಸಿ. 14 ತಂಡಗಳು, ಪ್ರತಿ ಎದುರಾಳಿಯೊಡನೆ ಒಂದೇ ಪಂದ್ಯ, ಒಟ್ಟು 91 ಪಂದ್ಯಗಳು. ಅಂದರೆ ಪ್ರತಿ ತಂಡಕ್ಕೆ ಲಭ್ಯವಿದ್ದುದು 13 ಪಂದ್ಯ ಮಾತ್ರ. 2022-23ರ ಬೆಂಗಳೂರು ತಂಡ ಇಂಥ ಋತುವಿನಲ್ಲಿ ಆಡಿದ್ದರೆ, ಅದರ ಚೇತರಿಕೆ ಆರಂಭವಾದ ಹೊತ್ತಿಗೆ ಲೀಗ್ ಮುಗಿದೇ ಹೋಗಿರುತ್ತಿತ್ತು. ಅದೇ ಆಟಗಾರರು, ಅದೇ ತರಬೇತುದಾರ. ಆದರೆ ಚರಿತ್ರೆಯಲ್ಲಿ ಅವರು ಫೈನಲ್ ತಲುಪಿದವರಾಗದೆ ನೆಲಕಚ್ಚಿದವರಾಗಿ ಉಳಿಯುತ್ತಿದ್ದರು.

ಪ್ಲೇಆಫ್ ಪದ್ಧತಿಯ ಪರಿಣಾಮವೂ ಇಂಥದ್ದೇ. 2022-23ರಿಂದ 2024-25ರವರೆಗೆ ಮೊದಲೆರಡು ತಂಡಗಳು ನೇರ ಸೆಮಿಫೈನಲ್‌ಗೂ, ಮೂರರಿಂದ ಆರನೆಯ ಸ್ಥಾನದವರು ಒಂದೇ ಪಂದ್ಯದ ನಾಕೌಟ್‌ಗೂ ಹೋಗುತ್ತಿದ್ದರು. ತಿಂಗಳುಗಟ್ಟಲೆ ಗಳಿಸಿದ್ದನ್ನು ಒಂದು ಸಂಜೆಯಲ್ಲಿ ಕಳೆದುಕೊಳ್ಳಬಹುದು, ಹಾಗೆಯೇ ತಿಂಗಳುಗಟ್ಟಲೆ ಕಳೆದುಕೊಂಡದ್ದನ್ನು ಒಂದು ಸಂಜೆಯಲ್ಲಿ ಮರಳಿ ಪಡೆಯಬಹುದು. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ನಡೆದ ಫೈನಲ್‌ನಲ್ಲಿ ಬೆಂಗಳೂರು ಮೊದಲು ಮುನ್ನಡೆ ಪಡೆದಿತ್ತು. ಹೆಚ್ಚುವರಿ ಸಮಯದ ನಂತರ 2-1ರಿಂದ ಗೆದ್ದದ್ದು ಮೋಹನ್ ಬಾಗನ್.

ಋತುವೇ ಇಲ್ಲದಿದ್ದರೆ?

2025ರಲ್ಲಿ ಅಭಿಮಾನಿಗಳ ಈ ಎಲ್ಲ ಲೆಕ್ಕಾಚಾರಗಳೂ ಅರ್ಥ ಕಳೆದುಕೊಂಡವು. ಆ ಬೇಸಿಗೆಯ ಪ್ರಶ್ನೆ ತಂಡ ಎಷ್ಟನೆಯ ಸ್ಥಾನ ಪಡೆಯುವುದು ಎಂಬುದಾಗಿರಲಿಲ್ಲ. ಲೀಗ್ ನಡೆಯುವುದೇ ಎಂಬುದಾಗಿತ್ತು.

ಭಾರತೀಯ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ 15 ವರ್ಷಗಳ ಅವಧಿಗೆ ಮಾಡಿಕೊಂಡಿದ್ದ ವಾಣಿಜ್ಯ ಹಕ್ಕುಗಳ ಒಪ್ಪಂದದ ಅವಧಿ 2025ರ ಡಿಸೆಂಬರ್ 8ಕ್ಕೆ ಮುಗಿಯಲಿತ್ತು. ಲೀಗ್ ನಡೆಯುವುದು ಸಾಮಾನ್ಯವಾಗಿ ಸೆಪ್ಟೆಂಬರ್‌ನಿಂದ ಮುಂದಿನ ವರ್ಷದ ವಸಂತದವರೆಗೆ. ಅಂದರೆ ಋತುವಿನ ನಟ್ಟನಡುವೆ ಒಪ್ಪಂದ ಕೊನೆಗೊಳ್ಳುವ ಪರಿಸ್ಥಿತಿ. ಮುಂದಿನ ವ್ಯವಸ್ಥೆ ಸ್ಪಷ್ಟವಾಗದೆ ಲೀಗ್ ನಡೆಸುವುದು ಸಾಧ್ಯವಿಲ್ಲವೆಂದು ಆಯೋಜಕ ಸಂಸ್ಥೆ ಜುಲೈನಲ್ಲಿ ಕ್ಲಬ್‌ಗಳಿಗೆ ತಿಳಿಸಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಪ್ರಧಾನ ತಂಡದ ಆಟಗಾರರು ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಅವಧಿಗೆ ತಡೆಹಿಡಿಯುವುದಾಗಿ ಪ್ರಕಟಿಸಿತು. ಹಕ್ಕುಗಳಿಗಾಗಿ ಕರೆದ ಹೊಸ ಟೆಂಡರ್‌ಗೆ ನವೆಂಬರ್‌ನಲ್ಲಿ ಒಬ್ಬ ಬಿಡ್ಡುದಾರನೂ ಬರಲಿಲ್ಲ. ಕೊನೆಗೆ 2026ರ ಜನವರಿ 6ರಂದು ಕೇಂದ್ರ ಕ್ರೀಡಾ ಸಚಿವ ಮನ್‌ಸುಖ್ ಮಾಂಡವಿಯ ಅವರು ಲೀಗ್ ಆರಂಭದ ದಿನಾಂಕ ಘೋಷಿಸಿದ ನಂತರವೇ ಅಭಿಮಾನಿಗಳು ನಿಟ್ಟುಸಿರು ಬಿಟ್ಟದ್ದು.

ಈ ಭೀತಿ ಆಧಾರರಹಿತವೇನೂ ಆಗಿರಲಿಲ್ಲ. ಭಾರತದಲ್ಲಿ ಕ್ಲಬ್‌ಗಳು ಮುಚ್ಚುವುದು ಹೊಸತಲ್ಲ. ಮುಂಬೈಯ ಮಹೀಂದ್ರ ಯುನೈಟೆಡ್ 2010ರಲ್ಲಿ, ಪಂಜಾಬಿನ ಜೆಸಿಟಿ 2011ರಲ್ಲಿ, ಎಫ್‌ಸಿ ಪುಣೆ ಸಿಟಿ 2019ರಲ್ಲಿ ಬಾಗಿಲು ಹಾಕಿದವು. 2021-22ರ ಐಎಸ್‌ಎಲ್ ಚಾಂಪಿಯನ್ ಹೈದರಾಬಾದ್ ಎಫ್‌ಸಿ 2025ರಲ್ಲಿ ದೆಹಲಿಗೆ ಸ್ಥಳಾಂತರಗೊಂಡು ಹೆಸರನ್ನೂ ಬದಲಿಸಿಕೊಂಡಿತು. ಪ್ರಶಸ್ತಿ ಗೆದ್ದ ನಾಲ್ಕೇ ವರ್ಷಗಳಲ್ಲಿ ಆ ನಗರದ ಅಭಿಮಾನಿಗಳಿಗೆ ವಾದ ಮಾಡಲು ತಂಡವೇ ಉಳಿಯಲಿಲ್ಲ.

ಊರಿನ ಪಾಲು

ಬೆಂಗಳೂರಿಗೆ ಈ ತಂಡ ಕೇವಲ ಒಂದು ಲೀಗ್‌ನ ಫ್ರಾಂಚೈಸಿಯಲ್ಲ ಎನ್ನುವುದಕ್ಕೂ ಕಾರಣವಿದೆ. ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್‌ಗಳಂಥ ಬಡಾವಣೆಗಳಲ್ಲಿ ತಲೆಮಾರುಗಳಿಂದ ಫುಟ್‌ಬಾಲ್ ಜೀವಂತವಾಗಿದೆ. ಎಚ್‌ಎಎಲ್‌ನಂಥ ಸಾರ್ವಜನಿಕ ಉದ್ದಿಮೆಯ ತಂಡ ರಾಷ್ಟ್ರಮಟ್ಟದ ಲೀಗ್‌ನಲ್ಲಿ ಆಡಿದೆ. ಹಿಂದಿನ ಮೈಸೂರು ರಾಜ್ಯ 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಬಳಿಕ ಕರ್ನಾಟಕ ಮತ್ತೆ ಅದನ್ನು ಎತ್ತಿ ಹಿಡಿದದ್ದು 54 ವರ್ಷಗಳ ನಂತರ, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ.

ಆದ್ದರಿಂದಲೇ ಇಲ್ಲಿನ ಅಭಿಮಾನಿಗಳ ಇನ್ನೊಂದು ಪ್ರಶ್ನೆ: ನಮ್ಮ ಊರಿನ ಹುಡುಗರಿಗೆ ಜಾಗವೆಷ್ಟು? 2024ರ ಸೆಪ್ಟೆಂಬರ್ 14ರಂದು ಈಸ್ಟ್ ಬೆಂಗಾಲ್ ವಿರುದ್ಧ ಋತುವಿನ ಮೊದಲ ಪಂದ್ಯವನ್ನು 1-0ರಿಂದ ಗೆದ್ದಾಗ ಏಕೈಕ ಗೋಲು ಗಳಿಸಿದವರು ತಂಡದ ಯುವ ವಿಭಾಗದಲ್ಲಿ ಬೆಳೆದ ಸ್ಥಳೀಯ ಹುಡುಗ ವಿನಿತ್ ವೆಂಕಟೇಶ್. ಆ ಸಂಜೆ ವೆಸ್ಟ್ ಬ್ಲಾಕ್ ಬ್ಲೂಸ್ ಬಳಗ ಕೂರುವ ಪಶ್ಚಿಮದ ಮೆಟ್ಟಿಲುಗಳಲ್ಲಿ ಎದ್ದ ಘೋಷ, ವಿದೇಶಿ ಆಟಗಾರನ ಗೋಲಿಗೆ ಏಳುವ ಘೋಷಕ್ಕಿಂತ ಕಡಿಮೆಯೇನೂ ಆಗಿರಲಿಲ್ಲ.

ಏನನ್ನು ಗಮನಿಸಬೇಕು?

ಹಾಗಾದರೆ ಹೊಸ ಋತುವಿಗೆ ಮುನ್ನ ಲೆಕ್ಕ ಹಾಕುವವರು ಯಾವುದರ ಮೇಲೆ ಕಣ್ಣಿಡಬೇಕು? ಬೆಂಗಳೂರಿನ ಈವರೆಗಿನ ಹಾದಿ ಐದು ಸಂಗತಿಗಳತ್ತ ಬೊಟ್ಟು ಮಾಡುತ್ತದೆ.

ಒಂದು, ಹೋದವರು ತಂದುಕೊಡುತ್ತಿದ್ದ ಗೋಲುಗಳು ಎಷ್ಟು, ಅವನ್ನು ಇನ್ನು ಯಾರು ತರುವರು. ಎರಡು, ಏಳು ಮಂದಿ ಭಾರತೀಯರ ಸಾಲು ಎಷ್ಟು ಗಟ್ಟಿ, ಒಬ್ಬರು ಗಾಯಗೊಂಡರೆ ಬದಲಿ ಯಾರು. ಮೂರು, ತರಬೇತುದಾರರಿಗೆ ಪೂರ್ಣ ಸಿದ್ಧತೆಯ ಅವಧಿ ಸಿಕ್ಕಿದೆಯೇ. ನಾಲ್ಕು, ಋತುವಿನಲ್ಲಿ ಎಷ್ಟು ಪಂದ್ಯಗಳಿವೆ, ಚೇತರಿಕೆಗೆ ಅವಕಾಶವೆಷ್ಟು. ಐದು, ಕ್ಲಬ್‌ನ ಹಾಗೂ ಲೀಗ್‌ನ ಆರ್ಥಿಕ ಸ್ಥಿತಿ ಆ ಋತುವನ್ನು ದಾಟಿಸುವಷ್ಟು ಸದೃಢವೇ. ಸಿದ್ಧತಾ ಪಂದ್ಯಗಳ ಫಲಿತಾಂಶಕ್ಕೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ. ಡ್ಯುರಾಂಡ್ ಕಪ್ ಗೆದ್ದ ವರ್ಷದ ಆರಂಭವೇ ಅದಕ್ಕೆ ಸಾಕ್ಷಿ.

ಈ ಐದನ್ನೂ ತೂಗಿ ನೋಡಿದ ಮೇಲೂ ಉತ್ತರ ತಪ್ಪಬಹುದು. ಒಂದು ಹೆಡರ್, ಒಂದು ಪೆನಾಲ್ಟಿ ಎಲ್ಲವನ್ನೂ ಅಳಿಸಿಹಾಕಬಹುದು. ಅದು ಅಭಿಮಾನಿಗಳಿಗೂ ಗೊತ್ತು. ಆದರೆ ಮೊದಲ ನಾಲ್ಕರ ಲೆಕ್ಕ ತಪ್ಪಿದರೆ ನಷ್ಟವಾಗುವುದು ಒಂದು ಪ್ರಶಸ್ತಿ. ಮರುವರ್ಷ ಮತ್ತೆ ವಾದಿಸಲು ಅವಕಾಶವಿರುತ್ತದೆ. ಐದನೆಯದು ತಪ್ಪಿದರೆ ಆ ಅವಕಾಶವೂ ಇರದು. 2025ರ ನಂತರ ಬೆಂಗಳೂರಿನ ಅಭಿಮಾನಿಗಳು ತಂಡದ ಪಟ್ಟಿಯ ಜೊತೆಗೆ ಒಪ್ಪಂದ, ಟೆಂಡರುಗಳ ಸುದ್ದಿಯನ್ನೂ ಅಷ್ಟೇ ಕಾಳಜಿಯಿಂದ ಓದಲು ಕಲಿತದ್ದು ಇದೇ ಕಾರಣಕ್ಕೆ.